ಟೈರಿಗೆ ಗಾಳಿ ತುಂಬಿದ ಪಶುವೈದ್ಯ: ಜಾನ್ ಬಾಯ್ಡ್ ಡನ್‌ಲಪ್ ಮತ್ತು ನಿಮ್ಮ ಬೈಕಿನ ಮೊದಲ ಸಸ್ಪೆನ್ಷನ್

ಬೆಳಗಿನ ಹೊತ್ತು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಬಳಿ ಹತ್ತು ನಿಮಿಷ ನಿಂತು ನೋಡಿ. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ಹಳ್ಳಿಗಳಿಂದ ಗೂಡು ತರುವವರಲ್ಲಿ ಟೆಂಪೊ ಮಾಡಿಕೊಂಡು ಬರುವವರಿದ್ದಾರೆ, ಬೈಕಿನ ಹಿಂದೆ ಚೀಲ ಬಿಗಿದುಕೊಂಡು ಬರುವವರೂ ಇದ್ದಾರೆ. ಭಾನುವಾರವಾದರೆ ಅದೇ ಸುತ್ತಿನ ರಸ್ತೆಗಳಲ್ಲಿ ಸಾವನದುರ್ಗಕ್ಕೋ ಮೇಕೆದಾಟಿಗೋ ಹೊರಟ ಬೆಂಗಳೂರಿನ ಹುಡುಗರ ಬೈಕುಗಳು. ಈ ಎರಡೂ ಬಗೆಯ ಸವಾರರಿಗೆ ಸಿಗುವ ಬಿಟ್ಟಿ ಸಲಹೆ ಮಾತ್ರ ಒಂದೇ. ಬೇಸಿಗೆಯಲ್ಲಿ ಗಾಳಿ ಕಮ್ಮಿ ಇರಬೇಕು, ಇಲ್ಲದಿದ್ದರೆ ಟೈರ್ ಸಿಡಿಯುತ್ತದೆ. ಟೈರ್ ಅಗಲವಾದಷ್ಟೂ ಹಿಡಿತ ಜಾಸ್ತಿ. ಗಾಡಿ ಮೆತ್ತಗಿದ್ದರೆ ಹಿಂದಿನ ಶಾಕ್ ಅಬ್ಸಾರ್ಬರ್ ಟೈಟ್ ಮಾಡಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ.

ಈ ಮೂರನ್ನೂ ಒರೆಗೆ ಹಚ್ಚಬೇಕೆಂದರೆ ಟೈರಿನೊಳಗೆ ಗಾಳಿ ಯಾಕಿದೆ ಎಂಬಲ್ಲಿಂದ ಶುರು ಮಾಡಬೇಕು. ಅದನ್ನು ತಿಳಿಯಲು ಮೋಟಾರಿಗೂ ಬೈಕಿಗೂ ಸಂಬಂಧವೇ ಇಲ್ಲದ ಒಬ್ಬ ಪಶುವೈದ್ಯರ ಬದುಕನ್ನು ನೋಡುವುದು ನಮಗೆ ಸುಲಭದ ದಾರಿ ಅನ್ನಿಸಿತು. ಆ ಬದುಕಿನ ಬಗ್ಗೆಯೂ ಎರಡು ತಪ್ಪು ತಿಳಿವಳಿಕೆಗಳಿವೆ: ಗಾಳಿ ಟೈರನ್ನು ಮೊದಲು ಕಂಡುಹಿಡಿದವರು ಅವರೇ ಎಂಬುದು ಒಂದು, ಅದರಿಂದ ಅವರು ಕೋಟ್ಯಧೀಶರಾದರು ಎಂಬುದು ಇನ್ನೊಂದು.

ಜಾನ್ ಬಾಯ್ಡ್ ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತ್ಯದ ಡ್ರೆಗ್‌ಹಾರ್ನ್ ಎಂಬ ಊರಿನಲ್ಲಿ. ಒಕ್ಕಲುತನದ ಮನೆ. ಎಡಿನ್‌ಬರೋದಲ್ಲಿ ಪಶುವೈದ್ಯ ಓದಿ, ಇನ್ನೂ 19 ವರ್ಷಕ್ಕೇ ವೃತ್ತಿಗೆ ಇಳಿದರು. 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಬಂದರು. ಮೊದಲು ಡೌನ್‌ಪ್ಯಾಟ್ರಿಕ್, ಆಮೇಲೆ ಬೆಲ್‌ಫಾಸ್ಟ್. ರಾಮನಗರಕ್ಕೆ ರೇಷ್ಮೆ ಹೇಗೋ ಆಗಿನ ಬೆಲ್‌ಫಾಸ್ಟಿಗೆ ಲಿನನ್ ಬಟ್ಟೆ ಹಾಗೆ. ಜೊತೆಗೆ ಹಡಗು ಕಟ್ಟುವ ಊರು. ಸರಕೆಲ್ಲ ಓಡಾಡುತ್ತಿದ್ದುದು ಕುದುರೆ ಗಾಡಿಗಳಲ್ಲಿ. ಹೀಗಾಗಿ ಕುದುರೆ ವೈದ್ಯರಿಗೆ ಕೈತುಂಬ ಕೆಲಸ. 1880ರ ದಶಕದ ನಡುವಿನ ಹೊತ್ತಿಗೆ ಡನ್‌ಲಪ್ ಅವರದು ಐರ್ಲೆಂಡಿನ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಒಂದಾಗಿತ್ತು. ಲಾಳ ಕಟ್ಟುವುದಕ್ಕೇ ಹನ್ನೆರಡು ಜನ ಇದ್ದರು.

ಕಲ್ಲು ಹಾಸಿದ ಬೀದಿಯಲ್ಲಿ ಕಬ್ಬಿಣದ ಪಟ್ಟಿ ಹಾಕಿದ ಚಕ್ರ ಉರುಳುವುದು, ಆ ಅದುರು ಗಾಡಿಯಲ್ಲಿ ಕೂತವರ ಬೆನ್ನಿಗೂ ಎಳೆಯುವ ಕುದುರೆಯ ಭುಜಕ್ಕೂ ತಟ್ಟುವುದು ಅವರಿಗೆ ದಿನನಿತ್ಯದ ನೋಟ. ನಮ್ಮಲ್ಲಿ ಹಳೆಯ ಎತ್ತಿನ ಗಾಡಿಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂಗಳದಲ್ಲಿ ಎರಡು ಚಕ್ರ

ಡನ್‌ಲಪ್ ಅವರ ಮಗ ಜಾನಿಗೆ ಒಂದು ಟ್ರೈಸಿಕಲ್ ಇತ್ತು. ಆಗಿನ ಸೈಕಲ್ಲುಗಳಿಗೆಲ್ಲ ಇದ್ದಂತೆ ಅದಕ್ಕೂ ಗಟ್ಟಿ ರಬ್ಬರಿನ ಟೈರು. ಸುಮಾರು ಹತ್ತು ವರ್ಷದ ಹುಡುಗ ಬೆಲ್‌ಫಾಸ್ಟಿನ ಕಲ್ಲು ಬೀದಿಯಲ್ಲಿ ಅದನ್ನು ತುಳಿಯಲು ಹೆಣಗುತ್ತಿದ್ದ. ಅಪ್ಪ ಇದಕ್ಕೊಂದು ಉಪಾಯ ಹುಡುಕಿದರು.

1887ರ ಅಕ್ಟೋಬರಿನಲ್ಲಿ ಅವರು ಮಾಡಿದ ಪ್ರಯೋಗ ಇಂದಿಗೂ ಯಾವ ಶಾಲೆಯಲ್ಲಾದರೂ ಮಾಡಿ ತೋರಿಸಬಹುದಾದಷ್ಟು ಸರಳ. ಮರದ ಒಂದು ಗುಂಡು ಹಲಗೆ ತೆಗೆದುಕೊಂಡರು. ತೆಳು ರಬ್ಬರ್ ಹಾಳೆಯಿಂದ ತಾವೇ ಒಂದು ಕೊಳವೆ ಮಾಡಿ ಅದರ ಅಂಚಿಗೆ ಸುತ್ತಿದರು, ಮೇಲೆ ಲಿನನ್ ಬಟ್ಟೆ ಹೊದಿಸಿ ಮೊಳೆ ಹೊಡೆದರು, ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನಿಂದ ಗಾಳಿ ತುಂಬಿ ಬಾಯಿ ಕಟ್ಟಿದರು. ಆಮೇಲೆ ಟ್ರೈಸಿಕಲ್ಲಿನ ಒಂದು ಚಕ್ರವನ್ನು ಬಿಚ್ಚಿ ಅಂಗಳದ ಉದ್ದಕ್ಕೆ ಉರುಳಿಸಿದರು. ಅದು ಸ್ವಲ್ಪ ದೂರ ಹೋಗಿ ಬಿತ್ತು. ಗಾಳಿ ತುಂಬಿದ ಮರದ ಚಕ್ರವನ್ನು ಉರುಳಿಸಿದರು. ಅದು ಅಂಗಳವನ್ನೆಲ್ಲ ದಾಟಿ ಆ ಕೊನೆಯ ಗೇಟಿಗೆ ಬಡಿದು ಹಿಂದಕ್ಕೆ ಪುಟಿಯಿತು.

ಚನ್ನಪಟ್ಟಣದ ಮರದ ಆಟಿಕೆ ಗಾಡಿ ಮನೆಯಲ್ಲಿದ್ದರೆ ಇದರ ಅರ್ಧವನ್ನು ನೀವೇ ನೋಡಬಹುದು. ನುಣುಪು ನೆಲದ ಮೇಲೆ ಅರಗಿನ ಬಣ್ಣದ ಆ ಚಕ್ರಗಳು ಸೊಗಸಾಗಿ ಉರುಳುತ್ತವೆ. ಅದೇ ಗಾಡಿಯನ್ನು ಜಲ್ಲಿ ಎದ್ದ ಸಿಮೆಂಟಿನ ಮೇಲೆ ಎಳೆದರೆ ಕುಣಿಯುತ್ತದೆ. ಗಟ್ಟಿ ಚಕ್ರ ಒಂದು ಸಣ್ಣ ಕಲ್ಲನ್ನು ದಾಟಬೇಕಾದರೆ ತನ್ನ ಮೇಲಿನ ಇಡೀ ಭಾರವನ್ನು ಆ ಕಲ್ಲಿನಷ್ಟು ಎತ್ತಬೇಕು. ಹಾಗೆ ಎತ್ತಲು ಬೇಕಾದ ಶಕ್ತಿ ಗಾಡಿಯ ಓಟದಿಂದಲೇ ಕಳೆಯುತ್ತದೆ. ಎತ್ತಿದ್ದು ಕೆಳಗೆ ಬಿದ್ದಾಗ ಆ ಶಕ್ತಿಯ ಬಹುಪಾಲು ಅದುರಾಗಿ, ಸದ್ದಾಗಿ ಹೋಗಿಬಿಡುತ್ತದೆ. ಗಾಳಿ ಟೈರಿನಲ್ಲಿ ಕಲ್ಲು ತಗುಲಿದ ಕಡೆ ರಬ್ಬರ್ ಒಳಕ್ಕೆ ತಗ್ಗುತ್ತದೆ, ಗಾಳಿ ಕೊಂಚ ಅದುಮಿಕೊಳ್ಳುತ್ತದೆ, ಕಲ್ಲು ದಾಟಿದ ಮೇಲೆ ಮತ್ತೆ ಹಿಗ್ಗುತ್ತದೆ. ಮೇಲಿನ ಭಾರ ಇದ್ದಲ್ಲೇ ಇರುತ್ತದೆ. ಸಸ್ಪೆನ್ಷನ್ ಮಾಡಬೇಕಾದ ಕೆಲಸವೂ ಇದೇ ಅಲ್ಲವೇ? ಬೈಕಿನ ಮುಂದಿನ ಫೋರ್ಕು, ಹಿಂದಿನ ಶಾಕ್ ಅಬ್ಸಾರ್ಬರ್ ಇವೆಲ್ಲ ಎರಡನೆಯ ಸಾಲಿನವು. ರಸ್ತೆಯ ಉಬ್ಬುತಗ್ಗು ಮೊದಲು ತಲುಪುವುದು ಟೈರಿನೊಳಗಿನ ಗಾಳಿಗೆ.

1888ರ ಫೆಬ್ರವರಿಯ ಕೊನೆಗೆ ಜಾನಿಯ ಟ್ರೈಸಿಕಲ್ಲಿನ ಹಿಂದಿನ ಎರಡೂ ಚಕ್ರಗಳಿಗೆ ಗಾಳಿ ಟೈರು ಬಂತು. ಮುಂದೆ ದೊಡ್ಡ ಸೈಕಲ್ಲಿಗೂ ಹಾಕಿ ನೋಡಿದರು. ಅದೇ ವರ್ಷದ ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು.

1889ರ ಮೇ 18ರಂದು ಬೆಲ್‌ಫಾಸ್ಟಿನಲ್ಲಿ ಸೈಕಲ್ ಪಂದ್ಯ. ವಿಲಿ ಹ್ಯೂಮ್ ಎಂಬ ಸವಾರ ಡನ್‌ಲಪ್ ಟೈರು ಹಾಕಿದ ಸೈಕಲ್ ತಂದಾಗ ಆ ಉಬ್ಬಿದ ಚಕ್ರಗಳನ್ನು ನೋಡಿ ಜನ ನಕ್ಕರು. ಹ್ಯೂಮ್ ಅಂದು ಸ್ಪರ್ಧಿಸಿದ ನಾಲ್ಕೂ ಓಟ ಗೆದ್ದ. ಅವನ ಎದುರು ಸೋತವರಲ್ಲಿ ಡಬ್ಲಿನ್ನಿನ ಕಾಗದದ ವ್ಯಾಪಾರಿ ಹಾರ್ವಿ ಡು ಕ್ರೋ ಅವರ ಮಕ್ಕಳೂ ಇದ್ದರು. ಸೋಲಿಗೆ ಮುನಿಸಿಕೊಳ್ಳುವ ಬದಲು ಅಪ್ಪ ಡು ಕ್ರೋ ಆ ಟೈರಿನಲ್ಲಿ ವ್ಯಾಪಾರ ಕಂಡರು. ಆ ವರ್ಷ ಮುಗಿಯುವುದರೊಳಗೆ ಡಬ್ಲಿನ್ನಿನಲ್ಲಿ ಕಂಪನಿ ಹುಟ್ಟಿತು.

ಪೇಟೆಂಟ್ ಕೈತಪ್ಪಿತು

ಆಮೇಲೆ ಬಂದ ಸುದ್ದಿ ಯಾರನ್ನಾದರೂ ಮಲಗಿಸಿಬಿಡುವಂಥದು. ಡನ್‌ಲಪ್ ಅವರ ಪೇಟೆಂಟ್ ಊರ್ಜಿತವಲ್ಲ ಎಂದು ತಿಳಿದುಬಂತು. 1845ರಲ್ಲೇ, ಅಂದರೆ ಡನ್‌ಲಪ್ ಐದು ವರ್ಷದ ಮಗುವಾಗಿದ್ದಾಗ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವ ಇದೇ ತತ್ವದ ಮೇಲೆ ಪೇಟೆಂಟ್ ಪಡೆದಿದ್ದ. ಆಗ ಅವನಿಗೆ 23 ವರ್ಷ. ರಬ್ಬರ್ ಲೇಪಿಸಿದ ಕ್ಯಾನ್ವಾಸ್ ಕೊಳವೆ, ಮೇಲೆ ಚರ್ಮದ ಹೊದಿಕೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಅದನ್ನು ಹಾಕಿ ತೋರಿಸಿದ್ದ. ಒಂದು ಜೊತೆ ಟೈರು 1,200 ಮೈಲಿ, ಸುಮಾರು 1,900 ಕಿ.ಮೀ., ಓಡಿದ್ದೂ ದಾಖಲಾಗಿದೆ. ಆದರೆ ಅವನ ಕಾಲಕ್ಕೆ ಸೈಕಲ್ಲಿರಲಿಲ್ಲ, ತೆಳುವಾದ ಒಳ್ಳೆಯ ರಬ್ಬರ್ ದುಬಾರಿ, ಕೊಳ್ಳುವವರಿಲ್ಲ. ಅದು ಮರೆತೇಹೋಯಿತು. ಡನ್‌ಲಪ್ ಅಂಗಳದಲ್ಲಿ ಚಕ್ರ ಉರುಳಿಸುವ ಹೊತ್ತಿಗೆ ಥಾಮ್ಸನ್ ತೀರಿಕೊಂಡು 14 ವರ್ಷವಾಗಿತ್ತು.

ಡನ್‌ಲಪ್ ಕದ್ದರು ಎಂದು ಬರೆಯುವವರಿದ್ದಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. 40 ವರ್ಷ ಯಾರೂ ಬಳಸದೆ ಬಿದ್ದಿದ್ದ ಕಾಗದವನ್ನು ಒಬ್ಬ ಕುದುರೆ ವೈದ್ಯರು ಓದಿರಬೇಕಾದ ಕಾರಣವಿಲ್ಲ. ಹೊಸದಾಗಿ ಯೋಚಿಸಿದ್ದು ನಿಜ, ಮೊದಲು ಯೋಚಿಸಿದ್ದು ಸುಳ್ಳು. ಎರಡೂ ಒಟ್ಟಿಗೆ ಇರಬಹುದು.

ಕಂಪನಿ ಮುಳುಗದಿದ್ದುದಕ್ಕೆ ಕಾರಣ ಬೇರೆಯವರ ಬುದ್ಧಿ. ಡನ್‌ಲಪ್ ಅವರ ಮೊದಲ ಟೈರು ಚಕ್ರಕ್ಕೆ ಅಂಟಿಸಿದ್ದು, ಪಂಕ್ಚರ್ ಆದರೆ ಕಿತ್ತು ಮತ್ತೆ ಅಂಟಿಸಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅಂಚಿನಲ್ಲಿ ತಂತಿ ಇಟ್ಟು, ಬೇಕಾದಾಗ ರಿಮ್ಮಿನಿಂದ ಬಿಚ್ಚಬಹುದಾದ ಟೈರನ್ನು ಮಾಡಿದವನು ಚಾರ್ಲ್ಸ್ ವೆಲ್ಚ್, 1890ರಲ್ಲಿ. ಆ ಹಕ್ಕನ್ನೂ ಇನ್ನು ಕೆಲವನ್ನೂ ಕಂಪನಿ ಕೊಂಡುಕೊಂಡಿತು. ಇವತ್ತು ಚನ್ನಪಟ್ಟಣದ ಹೆದ್ದಾರಿ ಬದಿಯ ಹುಡುಗ ಎರಡು ಲಿವರ್ ತೂರಿಸಿ ನಿಮ್ಮ ಬೈಕಿನ ಟೈರು ಬಿಚ್ಚುವಾಗ ಕೈಯಾಡಿಸುತ್ತಿರುವುದು ವೆಲ್ಚನ ತಂತಿಯ ಮೇಲೆ.

ಡನ್‌ಲಪ್ ತಮ್ಮ ಪೇಟೆಂಟನ್ನು ಬಿಟ್ಟುಕೊಟ್ಟು ಪಡೆದದ್ದು ಕಂಪನಿಯ 1,500 ಷೇರು. 1892ರಲ್ಲಿ ಡಬ್ಲಿನ್ನಿಗೆ ಮನೆ ಬದಲಿಸಿದರು. ವ್ಯಾಪಾರದ ಗದ್ದಲ, ಷೇರುಪೇಟೆಯ ಲೆಕ್ಕ ಅವರಿಗೆ ಒಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ನಿರ್ದೇಶಕ ಮಂಡಳಿ ಬಿಟ್ಟು, ಷೇರುಗಳನ್ನೂ ಮಾರಿಬಿಟ್ಟರು. 1896ರಲ್ಲಿ ಡು ಕ್ರೋ ಆ ಕಂಪನಿಯನ್ನು 30 ಲಕ್ಷ ಪೌಂಡಿಗೆ ಒಬ್ಬ ಹಣಕಾಸು ವ್ಯವಹಾರಿಗೆ ಮಾರಿದರು. ಅವನು ಅದನ್ನೇ 50 ಲಕ್ಷ ಪೌಂಡಿಗೆ ಮತ್ತೆ ಷೇರುಪೇಟೆಗೆ ತಂದ. ಆ ರಾಶಿಯಲ್ಲಿ ಡನ್‌ಲಪ್ ಅವರ ಪಾಲಿಲ್ಲ. ಅವರು ಡಬ್ಲಿನ್ನಿನಲ್ಲಿ ಒಂದು ಬಟ್ಟೆ ಅಂಗಡಿಯ ಪಾಲುದಾರಿಕೆಯಲ್ಲಿ ನೆಮ್ಮದಿಯಾಗಿ ಇದ್ದುಬಿಟ್ಟರು. ಕಂಪನಿ ಮಾತ್ರ ಅವರ ಹೆಸರನ್ನೂ ಗಡ್ಡದ ಮುಖವನ್ನೂ ಬಿಡಲಿಲ್ಲ. ಜಾಹೀರಾತುಗಳಲ್ಲಿ ಎತ್ತರದ ಟೋಪಿ ಹಾಕಿದ ಶೋಕಿಲಾಲನ ಹಾಗೆ ತಮ್ಮನ್ನು ಬರೆದದ್ದು ಈ ಸರಳ ಮನುಷ್ಯನಿಗೆ ತೀರ ಬೇಸರ ತಂದಿತ್ತು.

ಗಾಳಿ ಟೈರಿಲ್ಲದೆ ಮೋಟಾರ್‌ಸೈಕಲ್ ಎಂಬುದು ಬಳಕೆಗೆ ಬರುವುದೇ ಕಷ್ಟವಿತ್ತು. 1885ರ ಡೈಮ್ಲರ್ ಯಂತ್ರಕ್ಕೆ ಇದ್ದುದು ಕಬ್ಬಿಣದ ಪಟ್ಟಿಯ ಮರದ ಚಕ್ರ. 1894ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆಂದೇ ತಯಾರಾದ ಮೊದಲ ಮೋಟಾರ್‌ಸೈಕಲ್ ಗಾಳಿ ಟೈರಿನ ಮೇಲೆ ನಿಂತಿತ್ತು. ನಮ್ಮ ದೇಶಕ್ಕೆ ಡನ್‌ಲಪ್ ಹೆಸರು ಗಟ್ಟಿಯಾಗಿ ಕಾಲೂರಿದ್ದು 1936ರಲ್ಲಿ, ಬಂಗಾಳದ ಸಾಹಾಗಂಜಿನ ಕಾರ್ಖಾನೆಯಿಂದ. ಎತ್ತಿನ ಗಾಡಿಗೂ ಅಲ್ಲಿ ಟೈರು ಮಾಡಿದರು. ನಮ್ಮ ಹಳ್ಳಿಗಳಲ್ಲಿ ಟೈರ್ ಗಾಡಿ ಎನ್ನುವ ಮಾತು ಬಂದದ್ದು ಅಂಥ ಗಾಡಿಗಳಿಂದ. ಪಶುವೈದ್ಯರ ಟೈರು ಕಡೆಗೂ ದನಗಳ ಹೆಗಲಿನ ಭಾರ ಇಳಿಸಿತು. ಅಂದ ಹಾಗೆ, ಮನೆಯಲ್ಲಿರುವ ಡನ್‌ಲಪ್ ಹಾಸಿಗೆಗೂ ಈ ವೈದ್ಯರಿಗೂ ಸಂಬಂಧವಿಲ್ಲ. ಆ ರಬ್ಬರ್ ನೊರೆ ಕಂಪನಿಯಲ್ಲಿ ತಯಾರಾದದ್ದು 1929ರಲ್ಲಿ, ಅವರು ತೀರಿಹೋದ ಮೇಲೆ.

ಒಂದೂವರೆ ಎ.ಟಿ.ಎಂ. ಕಾರ್ಡು

ಈಗ ನಮ್ಮ ಮೂರು ಸಲಹೆಗಳಿಗೆ ಬರೋಣ. ಟೈರಿನಲ್ಲಿ ಭಾರ ಹೊರುವುದು ಬಹುಮಟ್ಟಿಗೆ ಗಾಳಿ, ರಬ್ಬರಿನ ಪಾಲು ಕಡಿಮೆ. ಹಿಂದಿನ ಚಕ್ರದ ಮೇಲೆ ಸವಾರನೂ ಸೇರಿ 140 ಕೆ.ಜಿ. ಇದೆ ಎನ್ನಿ. ಒತ್ತಡ 28 ಪಿ.ಎಸ್.ಐ. ಎಂದರೆ ಸುಮಾರಾಗಿ ಚದರ ಸೆಂಟಿಮೀಟರಿಗೆ 2 ಕೆ.ಜಿ. ಹಾಗಿದ್ದರೆ ರಸ್ತೆಗೆ ತಾಗುವ ಜಾಗ 70 ಚದರ ಸೆಂ.ಮೀ. ಆಸುಪಾಸು, ಅಂದರೆ ಒಂದೂವರೆ ಎ.ಟಿ.ಎಂ. ಕಾರ್ಡಿನಷ್ಟು. ನಿಮ್ಮ ಬ್ರೇಕು, ತಿರುವು, ಮನೆಗೆ ಮರಳುವುದು ಎಲ್ಲವೂ ಇಂಥ ಎರಡು ತುಂಡುಗಳ ಮೇಲೆ ನಿಂತಿದೆ.

ಹಿಂದೆ 60 ಕೆ.ಜಿ. ಗೂಡಿನ ಚೀಲವೋ ಹೆಂಡತಿಯೋ ಅಣ್ಣನೋ ಕೂತರೆ ಅದೇ ಒತ್ತಡದಲ್ಲಿ ಆ ಜಾಗ 100 ಚದರ ಸೆಂ.ಮೀ. ಆಗಬೇಕು. ಹಾಗಾಗಲು ಟೈರು ಚಪ್ಪಟೆಯಾಗಬೇಕು, ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಬೇಕು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವಂತೆ ಆ ಗೋಡೆಯೂ ಬಿಸಿಯಾಗುತ್ತದೆ. ಇದಕ್ಕೇ ಬೈಕಿನ ಕೈಪಿಡಿಯಲ್ಲಿ ಅಥವಾ ಚೈನ್ ಕವರಿನ ಮೇಲಿನ ಚೀಟಿಯಲ್ಲಿ ಒಬ್ಬರಿಗೆ ಒಂದು, ಇಬ್ಬರಿಗೆ ಇನ್ನೊಂದು ಒತ್ತಡ ಕೊಟ್ಟಿರುತ್ತಾರೆ.

ಬೇಸಿಗೆಯ ಮಾತು ತಲೆಕೆಳಗಾಗುವುದು ಇಲ್ಲೇ. ಬೆಳಗ್ಗೆ 28 ಇದ್ದ ಟೈರಿನ ಗಾಳಿ ಓಡುತ್ತ 30 ಡಿಗ್ರಿ ಬಿಸಿಯೇರಿದರೆ ಒತ್ತಡ 32ರ ಆಸುಪಾಸು ಮುಟ್ಟುತ್ತದೆ. ಈ ಏರಿಕೆಯನ್ನು ಲೆಕ್ಕ ಹಾಕಿಯೇ ಟೈರು ತಯಾರಾಗಿರುತ್ತದೆ. ಸಿಡಿಯುತ್ತದೆಂದು ಹೆದರಿ ಮೊದಲೇ 5 ಪಿ.ಎಸ್.ಐ. ಇಳಿಸಿದರೆ ಗೋಡೆ ಹೆಚ್ಚು ಬಾಗುತ್ತದೆ, ಇನ್ನೂ ಬಿಸಿಯಾಗುತ್ತದೆ. ಸಿಡಿತಕ್ಕೆ ದಾರಿ ಮಾಡಿಕೊಡುವುದು ಆ ಕಮ್ಮಿ ಗಾಳಿಯೇ. ಅದರ ಮೇಲೆ ಭಾರ, ವೇಗ, ಹಳೆಯ ರಬ್ಬರ್ ಸೇರಿದರಂತೂ ಮುಗಿಯಿತು. ಗಾಳಿ ನೋಡಬೇಕಾದ್ದು ಗಾಡಿ ತಣ್ಣಗಿರುವಾಗ, ಮನೆಯಿಂದ ಒಂದೆರಡು ಕಿ.ಮೀ. ಒಳಗೆ. ನೈಟ್ರೋಜನ್ ಹಾಕಿಸಿದರೆ ಈ ಕಾಟವಿಲ್ಲ ಎಂಬ ನಂಬಿಕೆಯೂ ಇದೆ. ಸಾಮಾನ್ಯ ಗಾಳಿಯಲ್ಲಿ 78 ಪಾಲು ಇರುವುದು ನೈಟ್ರೋಜನ್ನೇ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುತ್ತವೆ.

ಅಗಲದ ಟೈರು ನೋಡಲು ಚೆಂದ, ಒಪ್ಪುತ್ತೇವೆ. ಆದರೆ ಮೇಲಿನ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಅಗಲ ಹೆಚ್ಚಿಸಿದರೆ ರಸ್ತೆಗೆ ತಾಗುವ ತುಂಡಿನ ಆಕಾರ ಬದಲಾಗುತ್ತದೆ, ಅಡ್ಡಕ್ಕೆ ಉದ್ದ, ಉದ್ದಕ್ಕೆ ಗಿಡ್ಡ. ಒಟ್ಟು ವಿಸ್ತೀರ್ಣ ಅಷ್ಟೇನೂ ಬೆಳೆಯುವುದಿಲ್ಲ. ರಿಮ್ಮು ಹಳೆಯದೇ ಆದರೆ ಅಗಲದ ಟೈರು ಹಿಂಡಿಕೊಂಡು ಅದರ ಗುಂಡು ಬೆನ್ನು ಕೆಡುತ್ತದೆ, ತಿರುವಿನಲ್ಲಿ ಬೈಕ್ ವಾಲಿಸಲು ಒಡ್ಡೊಡ್ಡಾಗುತ್ತದೆ, ಕೆಲವು ಬೈಕುಗಳಲ್ಲಿ ಚೈನಿಗೋ ಮಡ್‌ಗಾರ್ಡಿಗೋ ಉಜ್ಜುತ್ತದೆ. ಕೊಳ್ಳುವಾಗ ಅಗಲಕ್ಕಿಂತ ಮುಖ್ಯವಾಗಿ ಓದಬೇಕಾದ್ದು ಪಕ್ಕದ ಗೋಡೆಯ ಬರಹ. ಉದಾಹರಣೆಗೆ 100/90-17 55ಪಿ ಎಂದಿದ್ದರೆ ಅಗಲ 100 ಮಿ.ಮೀ., ಎತ್ತರ ಅದರ 90 ಪಾಲು, ರಿಮ್ 17 ಇಂಚು. 55 ಎಂಬುದು ಹೊರಬಲ್ಲ ಭಾರದ ಸಂಕೇತ, 218 ಕೆ.ಜಿ.; ಪಿ ಎಂದರೆ ಗಂಟೆಗೆ 150 ಕಿ.ಮೀ. ತನಕದ ವೇಗಕ್ಕೆ. ಇನ್ನೊಂದು ಕಡೆ ನಾಲ್ಕಂಕಿ ಇರುತ್ತದೆ: 2322 ಎಂದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರು ಹೊಸದಾಗಿ ಕಂಡರೂ ರಬ್ಬರ್ ಗಡುಸಾಗಿರಬಹುದು. ಟೈರಿನ ಗೆರೆಗಳು ನೀರನ್ನು ಆಚೆ ದೂಡುವುದಕ್ಕೆ, ಒಣ ಡಾಂಬರಿನಲ್ಲಿ ಹಿಡಿತಕ್ಕೆ ಅವು ಬೇಕಿಲ್ಲ. ಮಳೆಗಾಲ ಇರುವ ಊರಿನಲ್ಲಿ, ಗೆರೆಯ ತಳದ ಸಣ್ಣ ದಿಣ್ಣೆಗಳ ಮಟ್ಟಕ್ಕೆ ಟೈರು ಸವೆದಿದ್ದರೆ ಬದಲಿಸಲೇಬೇಕು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಈ ಭಾಗದ ಸವಾರರಿಗೆ ಸಿಗುವುದು ಸರ್ವಿಸ್ ರಸ್ತೆ, ಊರೊಳಗಿನ ಹಂಪುಗಳು, ಮಾಗಡಿ–ಕನಕಪುರದ ತಿರುವುಗಳು. ಶಾಕ್ ಅಬ್ಸಾರ್ಬರ್ ಮಾತು ಬರುವುದು ಇಲ್ಲಿ. ಬಹಳಷ್ಟು ಬೈಕುಗಳ ಹಿಂದಿನ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಸ್ಪ್ರಿಂಗಿನ ಗಡಸು ಅದರ ತಂತಿಯಲ್ಲಿ, ಸುತ್ತುಗಳಲ್ಲಿ ಇದೆ, ಅದು ಹಾಗೇ ಉಳಿಯುತ್ತದೆ. ಬಳೆ ಬದಲಿಸುವುದು ಬೈಕಿನ ಹಿಂಭಾಗ ನಿಲ್ಲುವ ಎತ್ತರವನ್ನು. ನೀವು ಕೂತಾಗ ಹಿಂಭಾಗ ತನ್ನ ಒಟ್ಟು ಓಡಾಟದ ಮೂರನೇ ಒಂದು ಪಾಲಿನಷ್ಟು ತಗ್ಗಿದರೆ ಸಾಮಾನ್ಯವಾಗಿ ಸರಿ. 100 ಮಿ.ಮೀ. ಓಡಾಟವಿದ್ದರೆ ಸುಮಾರು 30 ಮಿ.ಮೀ. ಹಿಂದೆ ಭಾರ ಹೇರಿದಾಗ ಅದು ಹೆಚ್ಚು ಕುಸಿದು, ಹಂಪಿನಲ್ಲಿ ತಳ ಬಡಿಯುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಎತ್ತುತ್ತದೆ. ಆಗ ಎರಡು ಮೆಟ್ಟಿಲು ಏರಿಸಬೇಕು, ಎರಡೂ ಬದಿ ಒಂದೇ ಸಮ. ಚೀಲ ಇಳಿಸಿದ ಮೇಲೆ ಮತ್ತೆ ಇಳಿಸಬೇಕು, ಇದನ್ನೇ ಎಲ್ಲರೂ ಮರೆಯುವುದು. ಇದಕ್ಕೂ ಮುಂಚೆ ಗಾಳಿ ನೋಡಿರಬೇಕು. ಟೈರು ಚಪ್ಪಟೆಯಾಗಿದ್ದರೆ ಬೈಕ್ ಓಲಾಡುವುದು ಶಾಕ್ ಅಬ್ಸಾರ್ಬರಿನ ತಪ್ಪಿನಂತೆಯೇ ಕಾಣುತ್ತದೆ, ಸುಮ್ಮನೆ ಅದನ್ನು ಬದಲಿಸಿ ದುಡ್ಡು ಕಳೆದುಕೊಂಡವರನ್ನು ನಾವು ಬಲ್ಲೆವು.

ಡನ್‌ಲಪ್ 1921ರ ಅಕ್ಟೋಬರ್ 23ರಂದು ಡಬ್ಲಿನ್ನಿನಲ್ಲಿ ತೀರಿಕೊಂಡರು. ಆಗ 81 ವರ್ಷ. ಟೈರಿನ ಕತೆಯನ್ನು ತಮ್ಮದೇ ಮಾತಿನಲ್ಲಿ ಬರೆದಿಟ್ಟಿದ್ದರು. ಅದು ಪುಸ್ತಕವಾಗಿ ಬಂದದ್ದು ಅವರು ಹೋದ ಮೇಲೆ, ಮಗಳು ಜೀನ್ ಅವರ ಕೈಯಿಂದ. ಸಮಾಧಿ ಡಬ್ಲಿನ್ ಹೊರವಲಯದ ಡೀನ್ಸ್‌ಗ್ರೇಂಜಿನಲ್ಲಿದೆ. ಉತ್ತರ ಐರ್ಲೆಂಡಿನ ಬ್ಯಾಂಕೊಂದು ಮುಂದೆ ತನ್ನ ಹತ್ತು ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಅಚ್ಚು ಹಾಕಿಸಿತು.